ಲುಜ್ಜಾರಾ: ಬಾಗಿಲ ಮುಂದೆ ನಿಂತ ಊರು

ಇಟಲಿಗೆ ಹೋಗುವ ಪ್ರವಾಸಿಗರು ಲುಜ್ಜಾರಾ ಎಂಬ ಊರಿನ ಹೆಸರು ಕೇಳಿರುವ ಸಂಭವ ಕಡಿಮೆ. ರೋಮ್, ವೆನಿಸ್, ಫ್ಲಾರೆನ್ಸ್ ನೋಡಿ ಮುಗಿಸುವಷ್ಟರಲ್ಲಿ ರಜೆಯೂ ಮುಗಿದಿರುತ್ತದೆ, ಹಣವೂ ಮುಗಿದಿರುತ್ತದೆ. ಲುಜ್ಜಾರಾ ಇರುವುದು ದೇಶದ ಉತ್ತರ ಭಾಗದಲ್ಲಿ, ರೆಜ್ಜೊ ಎಮಿಲಿಯಾ ಜಿಲ್ಲೆಯಲ್ಲಿ, ಪೋ ನದಿಯ ದಕ್ಷಿಣ ದಂಡೆಗೆ ಹತ್ತಿರ. ಸುತ್ತ ಅಂಗೈಯಂತೆ ಚಪ್ಪಟೆಯಾದ ಬಯಲು. ಬೆಟ್ಟವಿಲ್ಲ, ಕಣಿವೆಯಿಲ್ಲ. ನದಿ ಉಕ್ಕಿ ಬಂದರೆ ತಡೆಯಲು ಕಟ್ಟಿದ ಮಣ್ಣಿನ ಏರಿಯೇ ಅಲ್ಲಿನ ಎತ್ತರದ ಜಾಗ. ಅದರಾಚೆ ಸಾಲಾಗಿ ನೆಟ್ಟ ಪೋಪ್ಲಾರ್ ಮರಗಳು, ಹುಲ್ಲುಗಾವಲು, ದನದ ಕೊಟ್ಟಿಗೆಗಳು.

ಆದರೂ ಛಾಯಾಗ್ರಹಣ ಕಲಿಯುವವರಿಗೆ ಈ ಊರು ಒಂದು ಯಾತ್ರಾಸ್ಥಳ. ಅದಕ್ಕೆ ಕಾರಣ ಇಬ್ಬರು.

ಒಬ್ಬರು ಆ ಊರಿನವರೇ ಆದ ಚೆಜಾರೆ ಜವಾತ್ತೀನಿ. 1902ರಲ್ಲಿ ಹುಟ್ಟಿದ ಇವರು 'ಬೈಸಿಕಲ್ ಥೀವ್ಸ್' ಚಿತ್ರಕಥೆಯನ್ನು ರೂಪಿಸಿದವರಲ್ಲಿ ಮುಖ್ಯರು. 1948ರ ಆ ಚಿತ್ರವನ್ನು ಲಂಡನ್ನಿನಲ್ಲಿ ನೋಡಿದ ಮೇಲೆಯೇ ಸತ್ಯಜಿತ್ ರಾಯ್ ಅವರಿಗೆ ತಾವು ಎಂಥ ಚಿತ್ರ ಮಾಡಬೇಕೆಂಬುದು ಖಚಿತವಾಯಿತು. ಬೀದಿಯಲ್ಲಿ ನಡೆಯುವ ಸಾಮಾನ್ಯ ಮನುಷ್ಯನ ದಿನಚರಿಯೇ ಕಥೆಗೆ ಸಾಕು ಎಂಬುದು ಜವಾತ್ತೀನಿ ಅವರ ಹಟ.

ಇನ್ನೊಬ್ಬರು ಅಮೆರಿಕದ ಪಾಲ್ ಸ್ಟ್ರಾಂಡ್. ನ್ಯೂಯಾರ್ಕಿನಲ್ಲಿ 1890ರಲ್ಲಿ ಹುಟ್ಟಿದವರು. ಎಡಪಂಥದ ಒಲವಿದ್ದವರನ್ನು ಅಮೆರಿಕ ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ, 1950ರಲ್ಲಿ, ದೇಶ ಬಿಟ್ಟು ಫ್ರಾನ್ಸಿಗೆ ಬಂದು ನೆಲೆಸಿದರು. ಒಂದೇ ಒಂದು ಹಳ್ಳಿಯನ್ನು ಆರಿಸಿಕೊಂಡು ಅದರ ಪೂರ್ತಿ ಬದುಕನ್ನು ಪುಸ್ತಕವಾಗಿಸಬೇಕೆಂಬುದು ಅವರ ಬಹುಕಾಲದ ಕನಸು. ಜವಾತ್ತೀನಿ ತಮ್ಮ ಊರನ್ನೇ ತೋರಿಸಿದರು.

1953ರಲ್ಲಿ ಸ್ಟ್ರಾಂಡ್ ದಂಪತಿ ಲುಜ್ಜಾರಾಕ್ಕೆ ಬಂದು ಕೆಲವು ವಾರ ತಂಗಿದರು. ಅವರದು ಓಡಾಡುತ್ತ ಕ್ಲಿಕ್ಕಿಸುವ ಪುಟ್ಟ ಕ್ಯಾಮೆರಾ ಅಲ್ಲ. ಸ್ಟ್ಯಾಂಡಿನ ಮೇಲೆ ಕೂರಿಸಿ, ಅಳತೆ ನೋಡಿ, ಎದುರಿಗಿದ್ದವರನ್ನು ಅಲುಗಾಡದಂತೆ ನಿಲ್ಲಿಸಿ ತೆಗೆಯಬೇಕಾದ ದೊಡ್ಡ ಕ್ಯಾಮೆರಾ. ನಮ್ಮೂರುಗಳ ಹಳೆಯ ಸ್ಟುಡಿಯೋಗಳಲ್ಲಿ ಕರಿಬಟ್ಟೆಯೊಳಗೆ ತಲೆ ತೂರಿಸುತ್ತಿದ್ದ ಫೋಟೋಗ್ರಾಫರನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಆತ ಕುರ್ಚಿ, ಹೂದಾನಿ, ಹಿಂದೊಂದು ಪರದೆ ಇಟ್ಟು ಜನರನ್ನು ಸಿಂಗರಿಸುತ್ತಿದ್ದ. ಸ್ಟ್ರಾಂಡ್ ಜನರನ್ನು ಅವರವರ ಬಾಗಿಲಲ್ಲೇ, ದುಡಿಮೆಯ ಬಟ್ಟೆಯಲ್ಲೇ ನಿಲ್ಲಿಸಿದರು. ಪೋಸ್ಟ್ ಆಫೀಸಿನ ಹೆಂಗಸು ಮತ್ತು ಆಕೆಯ ಮಗಳು, ಅಂಚು ಬಿಚ್ಚಿಕೊಂಡ ಹುಲ್ಲಿನ ಟೋಪಿ ತೊಟ್ಟ ದರ್ಜಿ ಅಂಗಡಿಯ ಹುಡುಗಿ, ಹೊಲದ ಕೂಲಿಯಾಳು, ಹೀಗೆ.

ಇವುಗಳಲ್ಲಿ ಜಗತ್ತಿನ ಗ್ಯಾಲರಿಗಳನ್ನೆಲ್ಲ ಸುತ್ತಿದ ಚಿತ್ರ ಒಂದು ರೈತ ಕುಟುಂಬದ್ದು. ಗಾರೆ ಕಿತ್ತ ಗೋಡೆ. ಕತ್ತಲು ತುಂಬಿದ ಬಾಗಿಲು. ಅದರ ನಡುವೆ ತಾಯಿ. ಸುತ್ತ ಐವರು ಬೆಳೆದ ಗಂಡುಮಕ್ಕಳು, ಕೆಲವರು ನಿಂತು, ಕೆಲವರು ಕುಳಿತು. ಬರಿಗಾಲಲ್ಲಿರುವವನೂ ಇದ್ದಾನೆ. ಬದಿಯಲ್ಲಿ ಒಂದು ಸೈಕಲ್ಲು. ಯಾರ ಮುಖದಲ್ಲೂ ನಗೆಯಿಲ್ಲ, ಒಬ್ಬರ ನೋಟ ಇನ್ನೊಬ್ಬರದರೊಂದಿಗೆ ಕೂಡುವುದಿಲ್ಲ. ಬಡತನ ಎದ್ದು ಕಾಣುತ್ತದೆ, ಆದರೆ ಕನಿಕರ ಬೇಡುವ ಭಂಗಿ ಒಬ್ಬರದೂ ಅಲ್ಲ.

ಚಿತ್ರದಲ್ಲಿ ತಂದೆ ಇಲ್ಲ. ಏಕಿಲ್ಲ ಎಂದು ಚಿತ್ರ ಹೇಳಲಾರದು.

ಇಲ್ಲಿ ಜವಾತ್ತೀನಿ ಅವರ ಪಾಲು ಬರುತ್ತದೆ. ಫೋಟೋದಲ್ಲಿದ್ದವರ ಮಾತನ್ನು ಅವರದೇ ಧಾಟಿಯಲ್ಲಿ ಬರೆಸಿ ಚಿತ್ರಗಳ ಜತೆಗೆ ಅಚ್ಚು ಹಾಕಿಸಿದರು. ಕೂಲಿ, ಹೊಟ್ಟೆಪಾಡು, ಯುದ್ಧ, ಸಣ್ಣಪುಟ್ಟ ಆಸೆಗಳು ಎಲ್ಲವೂ ಅಲ್ಲಿವೆ. ಆ ತಂದೆ ಫ್ಯಾಸಿಸ್ಟರ ಕಿರುಕುಳಕ್ಕೆ ಒಳಗಾಗಿದ್ದವನು; ಮನೆ ನಡೆಸಿದ್ದು ಬಾಗಿಲಲ್ಲಿ ನಿಂತಿರುವ ಆ ತಾಯಿ. ಇಷ್ಟು ತಿಳಿದ ಮೇಲೆ ಅದೇ ಚಿತ್ರವನ್ನು ಇನ್ನೊಮ್ಮೆ ನೋಡಿದರೆ ಬಾಗಿಲ ಕತ್ತಲೆಯ ತೂಕವೇ ಬೇರೆ. ಸ್ಟ್ರಾಂಡ್ ಚಿತ್ರಗಳು ತೀರ ನಿಶ್ಚಲ, ಹಳ್ಳಿಯನ್ನು ಶಿಲ್ಪ ಮಾಡಿಬಿಡುತ್ತವೆ ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಶಿಲ್ಪಕ್ಕೆ ಬಾಯಿ ಕೊಟ್ಟದ್ದು ಆ ಮಾತುಗಳು. ಇಂದಿನ ಪ್ರದರ್ಶನಗಳಲ್ಲಿ ಚಿತ್ರವನ್ನಷ್ಟೇ ಗೋಡೆಗೆ ತೂಗುಹಾಕಿ, ಮಾತನ್ನು ಪುಸ್ತಕದಲ್ಲೇ ಬಿಟ್ಟರೆ ಅದು ಅರ್ಧ ಲುಜ್ಜಾರಾ ಮಾತ್ರ.

'ಉನ್ ಪಯೇಜೆ', ಅಂದರೆ 'ಒಂದು ಊರು', 1955ರಲ್ಲಿ ಟ್ಯೂರಿನ್ನಿನ ಐನಾವ್ದಿ ಪ್ರಕಾಶನದಿಂದ ಹೊರಬಂತು. ಎರಡು ದಶಕಗಳ ಬಳಿಕ ಇಟಲಿಯವರೇ ಆದ ಜಾನ್ನಿ ಬೆರೆಂಗೊ ಗಾರ್ದಿನ್ ಅದೇ ಊರಿಗೆ ಬಂದು ಚಿತ್ರ ತೆಗೆದರು. 1976ರ ಆ ಪುಸ್ತಕಕ್ಕೂ ಜವಾತ್ತೀನಿ ಜೊತೆಗಾರರು. ಸ್ಟ್ರಾಂಡ್ ತೀರಿಕೊಂಡದ್ದೂ ಅದೇ ವರ್ಷ. 1993ರಲ್ಲಿ ಅಮೆರಿಕದ ಸ್ಟೀಫನ್ ಶೋರ್ ಬಂದರು. ಒಂದೇ ಹಳ್ಳಿ ಇಷ್ಟು ಸಲ ಕ್ಯಾಮೆರಾ ಎದುರು ನಿಂತ ಉದಾಹರಣೆ ಅಪರೂಪವೇ ಸರಿ.

1989ರಲ್ಲಿ ನಿಧನರಾದ ಜವಾತ್ತೀನಿ ಅವರ ಸಮಾಧಿ ಇರುವುದೂ ಈ ಊರಲ್ಲೇ. ಸುತ್ತಲಿನ ಕೊಟ್ಟಿಗೆಗಳ ಹಾಲು ಇಂದಿಗೂ ಪ್ರಸಿದ್ಧ ಪಾರ್ಮಿಜಾನೊ ಗಿಣ್ಣಿಗೆ ಹೋಗುತ್ತದೆ. ಸಂಜೆ ಕರೆದ ಹಾಲಿನ ಕೆನೆ ತೆಗೆದು, ಬೆಳಗಿನ ಹಾಲು ಬೆರೆಸಿ, ತಾಮ್ರದ ಕಡಾಯಿಯಲ್ಲಿ ಒಡೆಸಿ ಮಾಡುವ ಗಿಣ್ಣು ಅದು. ಸುಮಾರು ನಲವತ್ತು ಕಿಲೋ ತೂಗುವ ಒಂದು ಗಾಲಿಗೆ ಐನೂರು ಲೀಟರಿಗೂ ಮಿಕ್ಕಿ ಹಾಲು ಬೇಕು; ಕಡಿಮೆಯೆಂದರೂ ಹನ್ನೆರಡು ತಿಂಗಳು ಅದನ್ನು ಮಾಗಿಸಬೇಕು. ಈಗ ಆ ಸೀಮೆಯ ಕೊಟ್ಟಿಗೆಗಳಲ್ಲಿ ಹಾಲು ಕರೆಯುವವರಲ್ಲಿ ಪಂಜಾಬಿನಿಂದ ವಲಸೆ ಹೋದ ನಮ್ಮವರು ಬಹಳ. ಅವರು ಕಟ್ಟಿಕೊಂಡ ದೊಡ್ಡ ಗುರುದ್ವಾರ ಹತ್ತಿರದ ನೊವೆಲ್ಲಾರಾದಲ್ಲಿ 2000ದಲ್ಲಿ ಆರಂಭವಾಯಿತು. ಬೆಳಗಿನ ಜಾವ ಪೋ ಬಯಲಿನ ಮಂಜಿನಲ್ಲಿ ಹಸುಗಳ ಬಳಿಗೆ ಹೊರಡುವ ಆ ಮಂದಿಗೂ ಒಂದೊಂದು ಬಾಗಿಲಿದೆ, ಬಾಗಿಲ ಬದಿಯಲ್ಲೊಂದು ಸೈಕಲ್ಲೂ ಇದ್ದೀತು.