ಎಲಿ ಹಸಿರಿದ್ರೂ ಬೇರು ನೋಡ್ರಿ

ರೈತ ಬಾಂಧವರೇ, ಇವತ್ತು ಕಬ್ಬಿನ ಜೊತಿ ಮನಿ ಮಾತೂ ಐತಿ. ಗೊಣ್ಣೆಹುಳ ಬೇರು ತಿನ್ನುವಾಗ ಮೊದಮೊದಲು ಎಲಿ ಹಸಿರೇ ಇರ್ತೈತಿ. ಬಿಪಿನೂ ಹಂಗ. ಬಹಳ ಮಂದಿಗೆ ಏನೂ ಗೊತ್ತಾಗೂದಿಲ್ಲ. ಒಳಗ ಹೃದಯ, ಮೆದುಳು, ಮೂತ್ರಪಿಂಡಕ್ಕ ಪೆಟ್ಟು ಬೀಳ್ತಿರ್ತೈತಿ.

ನಮ್ಮ ಭೋಜದಾಗ ಕಳೆ ತೆಗೆಯೋವಾಗ ತಲಿ ತಿರುಗಿದ್ರ "ಬಿಸಲು ಬಡದೈತಿ" ಅಂತ ಬಿಡ್ತಾರ. ನಮ್ಮಾಕಿನೂ "ನನಗೇನಾಗೈತ್ರಿ, ದವಾಖಾನಿ ಯಾಕ?" ಅಂತಿದ್ಲು. ನಾ ವಾದಕ್ಕ ಇಳೀಲಿಲ್ಲ. ಓಣಿಗೆ ತಪಾಸಣೆಗೆ ಬಂದ ಸಿಸ್ಟರ್ ಮುಂದ ಮೊದಲು ನಾನೇ ತೋಳು ಚಾಚಿದೆ, ಆಮ್ಯಾಲ ಆಕಿ. ನಂದು 128/80, ಆಕೀದು 168/102. ಎರಡು ದಿನ ಬಿಟ್ಟು ನೋಡಿದ್ರೂ 160 ದಾಟಿತ್ತು. ಬ್ಯಾರೆ ಬ್ಯಾರೆ ದಿನ ನೋಡಿದಾಗೂ 140/90 ಅಥವಾ ಹೆಚ್ಚು ಬಂದ್ರ ಡಾಕ್ಟರಿಗೆ ತೋರಸಬೇಕು. ಅಂಕಿ ಕಂಡ ಮ್ಯಾಲ ಆಕೀನೇ ಗಾಡಿ ಹತ್ತಿದ್ಲು.

ಈಗ ದಿನಾ ಗುಳಿಗಿ ನಡದೈತಿ. ಉಪ್ಪಿನಕಾಯಿ, ಹಪ್ಪಳ ಕಡಿಮಿ. ಬಿಪಿ ಇಳಿದೈತಿ ಅಂತ ಡಾಕ್ಟರನ್ನ ಕೇಳದ ಗುಳಿಗಿ ಬಿಡಬ್ಯಾಡ್ರಿ. ಅದು ಇಳಿದಿರೋದs ಗುಳಿಗಿಯಿಂದ.