ಹಾಸುಹೊಕ್ಕು: ಇಳಕಲ್ಲಿನ ನೇಕಾರ ಗೆಳೆಯ

ಕನ್ನಡ ವಿಮರ್ಶೆಯಲ್ಲಿ 'ಹಾಸುಹೊಕ್ಕು' ಎಂಬ ಪದಕ್ಕೆ ಬಿಡುವೇ ಇಲ್ಲ. ಕಾವ್ಯದಲ್ಲಿ ಜೀವನದೃಷ್ಟಿ ಹಾಸುಹೊಕ್ಕಾಗಿದೆ, ಕಾದಂಬರಿಯಲ್ಲಿ ಪ್ರಾದೇಶಿಕತೆ ಹಾಸುಹೊಕ್ಕಾಗಿದೆ ಎಂಬ ವಾಕ್ಯವಿಲ್ಲದ ಸಂಶೋಧನ ಪ್ರಬಂಧ ಸಿಗುವುದು ಕಷ್ಟ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಹಾಸಿದ ನೂಲು ಹಾಸು; ಲಾಳಿಯ ಜೊತೆ ಅಡ್ಡಲಾಗಿ ಅದರೊಳಗೆ ಹೊಗುವ ನೂಲು ಹೊಕ್ಕು. ಹುನಗುಂದದಲ್ಲಿ ನಿವೃತ್ತರಾಗಿರುವ ಕನ್ನಡ ಶಿಕ್ಷಕರೊಬ್ಬರಿಗೆ ಈ ಪದ ಕಂಡಾಗಲೆಲ್ಲ ಇಳಕಲ್ಲಿನ ಒಂದು ಓಣಿಯೂ ಅಲ್ಲಿಯ ಒಬ್ಬ ಹುಡುಗನೂ ನೆನಪಾಗುತ್ತಾರೆ.

ಅದು 1970ರ ದಶಕ. ಬಾಗಲಕೋಟೆ ಆಗಿನ್ನೂ ಜಿಲ್ಲೆಯಾಗಿರಲಿಲ್ಲ; ಇಳಕಲ್ಲು ಅಖಂಡ ವಿಜಾಪುರ ಜಿಲ್ಲೆಯ ಹುನಗುಂದ ತಾಲೂಕಿಗೆ ಸೇರಿತ್ತು. ಓಣಿಯ ಎರಡು ಬದಿಗೂ ನೇಕಾರರ ಮನೆಗಳು. ನಡುನಡುವೆ ಕಲ್ಲು ಒಡೆಯುವವರ, ಹಮಾಲರ ಮನೆಗಳು. ಶಿಕ್ಷಕರ ತಂದೆ ಕಲ್ಲಿನ ಕೆಲಸದವರು, ಗೆಳೆಯನ ತಂದೆ ಕುಣಿಮಗ್ಗದ ನೇಕಾರರು. ಬೆಳಗಾಗುವ ಮೊದಲೇ ಲಾಳಿಯ ಸದ್ದು ಏಳುತ್ತಿತ್ತು. ಸಾವುಕಾರರು ನೂಲು ಕೊಡುತ್ತಿದ್ದರು, ನೇಯ್ದವರು ಮಜೂರಿ ಪಡೆಯುತ್ತಿದ್ದರು. ಸೀರೆ ಮಗ್ಗದಿಂದ ಇಳಿದ ದಿನವೇ ಅಂಗಡಿಯ ಲೆಕ್ಕಕ್ಕೆ ಹೋಗುತ್ತಿತ್ತು. ನೇಯ್ದ ಮನೆಯ ಹೆಣ್ಣುಮಕ್ಕಳ ಮೈಮೇಲೆ ಅದು ಕಾಣುವುದು ಅಪರೂಪ.

ಇಳಕಲ್ ಸೀರೆಯನ್ನು ಉಳಿದ ಸೀರೆಗಳಿಂದ ಬೇರ್ಪಡಿಸುವುದು ಅದರ ಕೊಂಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ಕೆಂಪು ರೇಷ್ಮೆಯದು. ಎರಡರ ತುದಿಗಳನ್ನೂ ಕುಣಿಕೆಯಾಗಿ ಉಳಿಸಿಕೊಂಡು, ಒಂದರ ಕುಣಿಕೆಯೊಳಗೆ ಇನ್ನೊಂದರ ಎಳೆಯನ್ನು ಸಿಕ್ಕಿಸುತ್ತ ಹೋಗಬೇಕು. ಇಂಥ ಎಳೆಗಳು ಸಾವಿರಾರು. ಕೊಂಡಿ ಹಾಕದೆ ಸೆರಗು ಹುಟ್ಟುವುದಿಲ್ಲವಾದ್ದರಿಂದ ಪ್ರತಿ ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಸಿದ್ಧಗೊಳಿಸಬೇಕು. ಈ ಕೆಲಸ ಬಹುಮಟ್ಟಿಗೆ ಹೆಂಗಸರದು, ಮಕ್ಕಳದು. ಗೆಳೆಯನ ಬೆರಳುಗಳು ಏಳನೆಯ ವಯಸ್ಸಿಗೇ ಅದರಲ್ಲಿ ಪಳಗಿದ್ದವು. ಶಾಲೆ ಬಿಟ್ಟ ಮೇಲೆ ಎದುರು ಕುಳಿತು ನೂಲಿನ ತುದಿ ಹಿಡಿದುಕೊಳ್ಳುವುದು ಕಲ್ಲಿನವರ ಮನೆಯ ಹುಡುಗನ ಪಾಲಿನ ಕೆಲಸ. ಆಟಕ್ಕೆ ಹೋಗಬೇಕೆಂದರೆ ಕೊಂಡಿ ಮುಗಿಯಬೇಕು. ಹೀಗೆ ಅವರ ಗೆಳೆತನ ಬೆಳೆದದ್ದು ಗೋಲಿಯಲ್ಲಿ, ಚಿಣಿಫಣಿಯಲ್ಲಿ ಅಲ್ಲ. ದೀಪದ ಬೆಳಕಿನ ಕೆಂಪು ಎಳೆಗಳ ನಡುವೆ.

ಗೆಳೆಯ ಮಾತುಗಾರ. ಮಗ್ಗಿ ಒಪ್ಪಿಸಲಾಗದೆ ನಿಂತ ದಿನ, "ಮಗ್ಗಿ ತಪ್ಪಿದ್ರ ಛಡಿ ಏಟ ಅಷ್ಟರಿ, ಮಗ್ಗ ತಪ್ಪಿದ್ರ ಊಟಾನ ಇಲ್ರಿ ಸರ" ಎಂದು ಮಾಸ್ತರರನ್ನೇ ನಗಿಸಿದ್ದ. ಆದರೆ ಶಿಕ್ಷಕರು ಮರೆಯದೆ ಹೇಳುವುದು ಇನ್ನೊಂದು ಮಾತನ್ನು. ಏಳನೆಯ ಇಯತ್ತೆಯಲ್ಲಿದ್ದಾಗ ಶಾಲೆಯಿಂದ ಐಹೊಳೆಗೆ ಕರೆದೊಯ್ದಿದ್ದರು. ಮೇಗುಟಿಯ ಜೈನ ಬಸದಿಯ ಗೋಡೆಯಲ್ಲಿರುವ ಕ್ರಿ.ಶ. 634ರ ಶಾಸನವನ್ನು ತೋರಿಸಿ, ಇದನ್ನು ರಚಿಸಿದವನು ರವಿಕೀರ್ತಿ, ಇಲ್ಲಿ ಕೊಂಡಾಡಿದ್ದು ಇಮ್ಮಡಿ ಪುಲಕೇಶಿಯನ್ನು, ಕವಿ ತನ್ನನ್ನು ಕಾಳಿದಾಸ ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದಾನೆ ಎಂದು ಮಾಸ್ತರರು ವಿವರಿಸುತ್ತಿದ್ದರು. ಗೆಳೆಯ ಕೈ ಎತ್ತಿ ಕೇಳಿದ: "ಸರ, ಆ ರಾಜಾ ಉಟ್ಟಿದ್ದ ಧೋತ್ರಾ ಯಾರ ನೇದಿದ್ರು ಅಂತ ಅದರಾಗ ಬರದೈತೇನ್ರಿ?"

ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ನಗೆಯದಲ್ಲ. ಈ ಮಲಪ್ರಭೆಯ ದಂಡೆ ಹೆಸರುಗಳನ್ನು ಉಳಿಸಿಕೊಳ್ಳುವುದರಲ್ಲಿ ಜಿಪುಣವಲ್ಲ. ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ಕಟ್ಟಿಸಿದ ಗುಡಿಯ ಶಾಸನ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯನ್ನು ಹೆಸರಿಸುತ್ತದೆ, ಬಿರುದು ಕೊಟ್ಟದ್ದನ್ನೂ ಹೇಳುತ್ತದೆ. (ಸೂತ್ರಧಾರಿಯ ಕೈಯಲ್ಲಿದ್ದದ್ದೂ ದಾರವೇ, ಅಳೆಯುವ ದಾರ.) ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಂಘ ದಕ್ಷಿಣ ಭಾರತದುದ್ದಕ್ಕೂ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತದೆ. ನೇಕಾರ ಸಿಗುವುದು ಹೆಚ್ಚಾಗಿ ಮಗ್ಗದೆರೆಯ ಲೆಕ್ಕದಲ್ಲಿ. ಕಲ್ಲು ಉಳಿಯಿತು, ಬಟ್ಟೆ ಹರಿಯಿತು ಎಂಬುದು ಅರ್ಧ ಉತ್ತರ ಮಾತ್ರ. ತೆರಿಗೆಯನ್ನು ಬರೆದ ಕಲ್ಲಿನ ಮೇಲೆ ಹೆಸರಿಗೂ ಜಾಗವಿರುತ್ತಿತ್ತು. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿಯೇ ನೇಯ್ಗೆಯಿದೆ. ಅವನೂ ದೇವರ ದಾಸಿಮಯ್ಯನೂ ಒಬ್ಬನೇ ಅಥವಾ ಇಬ್ಬರೇ ಎಂಬ ಚರ್ಚೆಗೆ ಖರ್ಚಾದ ಶಾಯಿಯಲ್ಲಿ ಸ್ವಲ್ಪವಾದರೂ ಅವನ ಮಗ್ಗದ ಬಗೆಗೆ ಮೀಸಲಾಗಬೇಕಿತ್ತು.

ಆ ವರ್ಷವೇ ಗೆಳೆಯನ ಶಾಲೆ ಮುಗಿಯಿತು. ತಂದೆಯ ಕಣ್ಣು ಮಂದವಾಗಿತ್ತು; ಮಗ ಕುಣಿಗೆ ಇಳಿದ. ಇನ್ನೊಬ್ಬ ಹುನಗುಂದಕ್ಕೆ, ಮುಂದೆ ಧಾರವಾಡಕ್ಕೆ ಓದಲು ಹೋದ. ರಜೆಗೆ ಬಂದಾಗಲೆಲ್ಲ ಮಗ್ಗದ ಪಕ್ಕದಲ್ಲಿಯೇ ಮಾತು. "ಬಾ ಮಾಸ್ತರ" ಎಂದು ಗೆಳೆಯ ಕರೆಯುತ್ತಿದ್ದ. ಆಗಿನ್ನೂ ಅವರು ಶಿಕ್ಷಕರಾಗಿರಲಿಲ್ಲ. ಭಾಷಾವಿಜ್ಞಾನದ ತರಗತಿಗೆ ವೃತ್ತಿಪದಗಳ ಪಟ್ಟಿ ಬೇಕಾದಾಗ ಗಾಡಿ ದಡಿ, ಗೋಮಿ, ಚಿಕ್ಕಿ ಪರಾಸ ಎಂದು ದಡಿಗಳ ಹೆಸರುಗಳನ್ನೂ, ಹಣಿಗೆ, ಕೋಟಿಕಮ್ಮಿ, ತೋಪತೆನಿ ಎಂದು ಸೆರಗಿನ ವಿನ್ಯಾಸಗಳ ಹೆಸರುಗಳನ್ನೂ ಬರೆಸಿದವನು ಅವನೇ. ಕೈ ನಿಲ್ಲಿಸದೆ ಬರೆಸಿದ.

ಆಮೇಲಿನದು ಎಲ್ಲ ನೇಕಾರಿಕೆಯ ಊರುಗಳ ಕಥೆ. ಸೀರೆಯನ್ನು ಕೈಮಗ್ಗಕ್ಕೆ ಮೀಸಲಿಡುವ ಕಾಯಿದೆ 1985ರಲ್ಲಿ ಬಂದರೂ ವಿದ್ಯುತ್ ಮಗ್ಗ ನಿಲ್ಲಲಿಲ್ಲ. ಅದರಲ್ಲಿ ಸಾಮಾನ್ಯವಾಗಿ ಕೊಂಡಿಯ ಗೊಡವೆಯಿಲ್ಲ. ಒಂದೇ ಹಾಸಿನ ಮೇಲೆ ಬಣ್ಣ ಬದಲಿಸಿದರೆ ಸೆರಗು. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ಊರಿಗೆ ಸಂದ ಗೌರವ, ಸಂದೇಹವಿಲ್ಲ. ಗುರುತು ಭೂಗೋಳದ್ದು, ಕೈಯದಲ್ಲ.

ಗೆಳೆಯ ತೀರಿಕೊಂಡಾಗ ಐವತ್ತೈದು ದಾಟಿರಲಿಲ್ಲ, ದೀರ್ಘ ಕೆಮ್ಮು. ಶಿಕ್ಷಕರ ಮದುವೆಗೆ ಅವನೇ ನೇಯ್ದ ಸೀರೆಯೊಂದು ಹುನಗುಂದದ ಮನೆಯಲ್ಲಿ ಇನ್ನೂ ಇದೆ. ಒಡಲೂ ಸೆರಗೂ ಕೂಡುವಲ್ಲಿ ಬೆರಳಾಡಿಸಿದರೆ ಕೊಂಡಿಯ ಸಾಲು ತಾಗುತ್ತದೆ. ಅದರಲ್ಲಿ ಒಂದಿಷ್ಟು ಎಳೆಗಳನ್ನು ಶಿಕ್ಷಕರೇ ಎದುರು ಕುಳಿತು ಹಿಡಿದುಕೊಂಡಿದ್ದರು. ಮದುಮಗ ಇಲ್ಲಿ ಬಂದು ಕುಂತಾನಲ್ಲವ್ವ ಎಂದು ಗೆಳೆಯನ ತಾಯಿ ನಗುತ್ತಿದ್ದರಂತೆ.

ಅವನ ಮಗ ಬಾಗಲಕೋಟೆಯ ನವನಗರದಲ್ಲಿ ಸರಕಿನ ಗಾಡಿ ಓಡಿಸುತ್ತಾನೆ. ಓಣಿಯ ಮನೆಯಲ್ಲಿ ಈಗ ಸೊಸೆ, ಮೊಮ್ಮಕ್ಕಳು. ಮಗ್ಗವನ್ನು ಬಿಚ್ಚಿ ಮಾರಿದ್ದಾರೆ. ಕುಣಿಗೆ ಮಣ್ಣು ತುಂಬಿ ಮೇಲೆ ಫರಸಿ ಹಾಸಿದ್ದಾರೆ. ಎರಡು ಸಲ ಮಣ್ಣು ಕುಸಿದು ಫರಸಿ ತಗ್ಗಾಯಿತಂತೆ. ಮೂರನೆಯ ಸಲ ಕಲ್ಲಿನ ಚೂರು ತುಂಬಿಸಿದ ಮೇಲೆ ನಿಂತಿದೆ.