ಲೆಕ್ಕಕ್ಕೆ ಸೇರುವವರು



ಇಂಗ್ಲಿಷ್ ಬಿ.ಎ. ಓದಿ, ಮೂವತ್ತು ವರ್ಷ ಕೊಚ್ಚಿಯಲ್ಲಿ ಸಂಸಾರ ಮಾಡಿದವಳು ಕಂಪ್ಯೂಟರಿನ ವಿಷಯ ಬರೆಯುವುದೇ ಎಂದು ನಗಬೇಡಿ. ಮಗ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿದ್ದಾನೆ. ಮನೆಗೆ ಬಂದಾಗಲೆಲ್ಲ ಅವನು ಹೇಳುತ್ತಿದ್ದ 'ರೆಫರೆನ್ಸ್ ಕೌಂಟಿಂಗ್' ಕೇಳಿ ಕೇಳಿ ನನಗೂ ಅರ್ಥವಾಯಿತು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಓದಿದವರು ಲಿನಕ್ಸ್ ಬಳಸಿದ್ದೀರಿ. ಅಂಥ ವ್ಯವಸ್ಥೆಗಳ ತಿರುಳಾದ 'ಕರ್ನಲ್' ಮಾಡುವ ಕೆಲಸವಿದು.

ಸಂಘದ ಯುಗಾದಿ ಊಟದ ಹಾಲ್ ನೆನೆಸಿಕೊಳ್ಳಿ. ಒಳಗೆ ಒಬ್ಬರಿದ್ದರೂ ಬೀಗ ಹಾಕಬಾರದು. ಎಲ್ಲರೂ ಹೋದ ಮೇಲೆ ದೀಪ ಉರಿಯಬಾರದು. ಬಂದವರಿಗೆ ಒಂದು ಕೂಡಿಸಿ, ಹೋದವರಿಗೆ ಒಂದು ಕಳೆದು, ಸೊನ್ನೆಯಾದರೆ ಬೀಗ. ಮೆಮೊರಿಯಲ್ಲಿರುವ ವಸ್ತುವನ್ನು ಎಷ್ಟು ಕಡೆ ಬಳಸುತ್ತಿದ್ದಾರೆಂದು ಕರ್ನಲ್ ಎಣಿಸುವುದೂ ಹೀಗೆಯೇ. ಬೇಗ ಬಿಟ್ಟರೆ ಅನಾಹುತ, ಬಿಡದಿದ್ದರೆ ಜಾಗ ದಂಡ.

ಆದರೆ ಹತ್ತಾರು ಕೋರ್‌ಗಳು ಒಂದೇ ಪುಸ್ತಕದಲ್ಲಿ ಬರೆಯಲು ಸಾಲು ನಿಂತರೆ? 2013ರಲ್ಲಿ ಅಮೆರಿಕದ ಎಂ.ಐ.ಟಿ.ಯ ಕ್ಲೆಮೆಂಟ್ಸ್, ಕಾಶೂಕ್, ಜೆಲ್ಡೋವಿಚ್ ಎಂಬವರು 'ರೆಫ್‌ಕ್ಯಾಶ್' ಎಂಬ ಉಪಾಯ ಪ್ರಕಟಿಸಿದರು. 80 ಕೋರ್‌ಗಳ ಯಂತ್ರದಲ್ಲಿ ಪರೀಕ್ಷಿಸಿದರು. ಪ್ರತಿ ಬಾಗಿಲಿಗೂ ಬೇರೆ ಚೀಟಿ. ಆಗಾಗ ಅದರ ಲೆಕ್ಕ ದೊಡ್ಡ ಪುಸ್ತಕಕ್ಕೆ. ಮುಂಬಾಗಿಲಲ್ಲಿ ಬಂದವರು ಹಿಂಬಾಗಿಲಲ್ಲಿ ಹೋದರೂ ಒಟ್ಟು ಮೊತ್ತ ಸರಿಯಾಗುತ್ತದೆ. ಪುಸ್ತಕದಲ್ಲಿ ಸೊನ್ನೆ ಕಂಡ ಕೂಡಲೇ ಬೀಗ ಹಾಕುವಂತಿಲ್ಲ. ಯಾವುದೋ ಚೀಟಿಯಲ್ಲಿ ಒಬ್ಬರು ಉಳಿದಿರಬಹುದು. ಎಲ್ಲ ಚೀಟಿಗಳೂ ಮತ್ತೊಮ್ಮೆ ಬಂದು ಸೇರುವವರೆಗೆ ಕಾಯಬೇಕು. ಅಷ್ಟು ಹೊತ್ತೂ ಲೆಕ್ಕ ಸೊನ್ನೆಯಲ್ಲೇ ನಿಂತಿದ್ದರೆ ಮಾತ್ರ ಬೀಗ. ಪ್ರತಿ ಸಿಪಿಯುವಿಗೂ ಬೇರೆ ಎಣಿಕೆ ಇಡುವ 'ಪರ್‌ಸಿಪಿಯು ರೆಫ್' ಎಂಬ ಏರ್ಪಾಟು ಲಿನಕ್ಸ್‌ಗೂ ಅದೇ ವರ್ಷ ಬಂತು.

ನನ್ನ ಮನಸ್ಸಿಗೆ ನಾಟಿದ್ದು 'ವೀಕ್ ರೆಫರೆನ್ಸ್'. ಅದು ಕೈಯಲ್ಲಿರುವ ವಿಳಾಸದ ಚೀಟಿಯ ಹಾಗೆ. ಹಾಲಿಗೆ ದಾರಿ ತೋರಿಸುತ್ತದೆ, ಆದರೆ ಲೆಕ್ಕಕ್ಕೆ ಸೇರುವುದಿಲ್ಲ. ಅದನ್ನು ನಂಬಿ ಯಾರೂ ಬಾಗಿಲು ತೆರೆದಿಡುವುದಿಲ್ಲ. ಬೀಗ ಬೀಳುವ ಮೊದಲು ಆ ವಿಳಾಸ ಹಿಡಿದು ಒಬ್ಬರು ಒಳಗೆ ಬಂದರೆ ಹಾಲ್ ಉಳಿಯಿತು. ತಡವಾದರೆ ವಿಳಾಸವೂ ಅಳಿಸಿಹೋಗುತ್ತದೆ.

ಅತ್ತೆಯವರು ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಮಗನಿಗೆ ಮಾತು ಬರುತ್ತದೆ, ಅಕ್ಷರ ಬಾರದು. "ನಾವು ಕನ್ನಡದವರು" ಎಂದು ಗೆಳೆಯರಿಗೆ ಮಲಯಾಳದಲ್ಲಿ ಹೇಳುವುದು ವಿಳಾಸ ಇಟ್ಟುಕೊಂಡಂತೆ. ಒಳ್ಳೆಯದೇ, ಆದರೆ ಸಾಲದು. ಒಂದು ಪುಟ ಓದಿ, ಅಜ್ಜಿಗೆ ನಾಲ್ಕು ಸಾಲು ಬರೆಯಿರಿ. ಆಗ ಲೆಕ್ಕಕ್ಕೆ ಸೇರುತ್ತೀರಿ. ಇನ್ನೂ ಬೀಗ ಬಿದ್ದಿಲ್ಲ, ಬನ್ನಿ.